ನಾಟಕರತ್ನ ಗುಬ್ಬಿ ವೀರಣ್ಣನವರು

ಶಿವಶರಣರು ಕಾಯಕದಲ್ಲಿ ಮೇಲುಕೀಳೆಂಬ ಭೇದವನ್ನೆಣಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆಯನ್ನು ನೇಯುವವರು, ಮಡಿ ಮಾಡುವವರು, ದೋಣಿಯನ್ನು ನಡೆಸುವವರು, ಕಟ್ಟಿಗೆಯನ್ನು ಮಾರುವವರು ಹೇಗೆ ಗಣಸಮೂಹದಲ್ಲಿ ಸಮಾನವಾದ ಸ್ಥಾನವನ್ನು ಪಡೆದರೋ ಹಾಗೆಯೇ ವೇಷ ಕಟ್ಟಿ ಜನರನ್ನು ರಂಜಿಸುವವರೂ ಪಡೆದರು. ಬಹುರೂಪಿ ಚೌಡಯ್ಯನವರಿಗೆ ನಾನಾ ವೇಷಗಳನ್ನು ತೊಟ್ಟು ಆಡುವುದೇ ಕಾಯಕವಾಗಿತ್ತು. ನಗೆಯ ಮಾರಿತಂದೆಯವರಿಗೆ ಜನರನ್ನು ನಗಿಸುವುದೇ ಕಾಯಕವಾಗಿತ್ತು. ಕಾಲಾಂತರದಲ್ಲಿ ಈ ಅರಿವು ಮಸುಕಾಯಿತು. ರಾತ್ರಿ ನಾಟಕವನ್ನು ನೋಡಿ ತಲೆದೂಗಿದ ಜನರೇ ಹಗಲಿನಲ್ಲಿ ನಾಟಕದವರನ್ನು ಕಂಡರೆ ಮುಖವನ್ನು ತಿರುಗಿಸುವಂತಾಯಿತು. ಅವರಿಗೆ ಬಿಡಾರಕ್ಕೆ ಮನೆಯನ್ನು ಕೊಡಲು, ಅವರೊಡನೆ ನಂಟಸ್ತನವನ್ನು ಬೆಳೆಸಲು ಗೃಹಸ್ಥರು ಹಿಂಜರಿಯುತ್ತಿದ್ದರು. ಅಂತಹ ದಿನಗಳಲ್ಲಿ ನಾಟಕವನ್ನೇ ಕಾಯಕವೆಂದು ನಂಬಿ, ಆ ಕಾಯಕದ ಎಲ್ಲ ಮೆಟ್ಟಿಲುಗಳನ್ನೂ ಏರಿ ಇಳಿದು, ಅದಕ್ಕೆ ಕಳೆದುಹೋಗಿದ್ದ ಮರ್ಯಾದೆಯನ್ನು ಮರಳಿ ತಂದುಕೊಟ್ಟ ಮಹನೀಯರಲ್ಲಿ ಗುಬ್ಬಿ ವೀರಣ್ಣನವರು ಅಗ್ರಗಣ್ಯರು.

ತುಮಕೂರು ಜಿಲ್ಲೆಯ ಗುಬ್ಬಿಯು ಗೋಸಲ ಶ್ರೀ ಚನ್ನಬಸವೇಶ್ವರಸ್ವಾಮಿಯ ಸನ್ನಿಧಾನದಿಂದ ಪುನೀತವಾದ ಊರು. ಅಲ್ಲಿ 1884ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ರಸಿಕರು ಕೂಡಿಕೊಂಡು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಸ್ಥಾಪಿಸಿದರು. ಊರ ದೇವರ ಹೆಸರಿನಲ್ಲಿ ಜಾತಿಮತಗಳ ಗಣನೆಯಿಲ್ಲದೆ ಹುಟ್ಟಿದ ಈ ಸಂಘವು ಹಳ್ಳಿಯ ಹವ್ಯಾಸವಾಗಿಯೇ ಉಳಿಯದೆ ಊರೂರು ಸಂಚರಿಸುವ ಕಂಪೆನಿಯಾಗಿ ಬೆಳೆಯಿತು. ವೀರಣ್ಣನವರು ಜನಿಸಿದುದು 1891ರಲ್ಲಿ; ತಂದೆಯ ಹೆಸರು ಹಂಪಣ್ಣ. ಬಡತನದ ಮನೆ. ಶಾಲೆಯ ಮೆಟ್ಟಿಲಿಗಿಂತ ರಂಗದ ಮೆಟ್ಟಿಲೇ ಬಾಲಕನಿಗೆ ಹೆಚ್ಚು ಪರಿಚಿತವಾಯಿತು. ಆರೇಳು ವರ್ಷದ ಎಳೆಯ ಪ್ರಾಯದಲ್ಲಿಯೇ ಅವರು ಕಂಪೆನಿಯನ್ನು ಸೇರಿ ಬಾಲಪಾತ್ರಗಳನ್ನು ವಹಿಸತೊಡಗಿದರು.

ಆ ಕಾಲದ ನಾಟಕ ಕಂಪೆನಿಯೆಂದರೆ ಸಂಚರಿಸುವ ಒಂದು ಪುಟ್ಟ ಊರೇ ಸರಿ. ಬಣ್ಣ ಹಚ್ಚಿ ದೀಪದ ಮುಂದೆ ನಿಲ್ಲುವ ನಟರನ್ನು ಮಾತ್ರ ಪ್ರೇಕ್ಷಕರು ಕಾಣುತ್ತಿದ್ದರು. ಅವರ ಬೆನ್ನ ಹಿಂದೆ ನಾಟಕವನ್ನು ಬರೆದು ಮಾತು ಕಲಿಸುವ ಕವಿಗಳು, ಹಾಡು ತಿದ್ದುವ ಹಾರ್ಮೋನಿಯಂ ವಾದಕರು, ತಬಲದವರು, ಅರಮನೆ ಅಡವಿಗಳನ್ನು ಪರದೆಯ ಮೇಲೆ ಮೂಡಿಸುವ ಚಿತ್ರಗಾರರು, ಉಡುಪು ಹೊಲಿಯುವ ದರ್ಜಿಗಳು, ಕಿರೀಟ ಗದೆಗಳನ್ನು ಮಾಡುವ ಕುಶಲಿಗಳು, ಪರದೆ ಎಳೆಯುವವರು, ದೀಪದವರು, ಟಿಕೆಟ್ಟು ಕೊಡುವವರು, ಬಾಗಿಲು ಕಾಯುವವರು, ಇಷ್ಟು ಮಂದಿಗೂ ಎರಡು ಹೊತ್ತು ಅನ್ನ ಬೇಯಿಸಿ ಬಡಿಸುವ ಅಡುಗೆಯವರು ಇರುತ್ತಿದ್ದರು. ಒಂದು ಊರಿನ ಮೊಕ್ಕಾಂ ಮುಗಿದರೆ ಪರದೆ, ಪೆಟ್ಟಿಗೆ, ಕಂಬ, ತಗಡುಗಳನ್ನೆಲ್ಲ ಬಿಚ್ಚಿ ಕಟ್ಟಿ ಇನ್ನೊಂದು ಊರಿಗೆ ಸಾಗಿಸಬೇಕು. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ಹಣವಿಲ್ಲ. ಆದರೆ ಒಲೆಯು ಮಾತ್ರ ಉರಿಯಲೇಬೇಕು. ಈ ಸಂಸಾರದ ಕಷ್ಟಸುಖಗಳ ನಡುವೆಯೇ ವೀರಣ್ಣನವರ ಬಾಲ್ಯವು ಕಳೆಯಿತು. ಯಾವ ಕೆಲಸ ನಿಂತರೆ ಆಟ ನಿಲ್ಲುವುದೆಂಬುದು ಅವರಿಗೆ ಪುಸ್ತಕದಿಂದಲ್ಲ, ಅನುಭವದಿಂದ ತಿಳಿಯಿತು. ಮುಂದೆ ಅವರು ಯಜಮಾನರಾದಾಗ ಈ ಅರಿವೇ ಅವರ ಬಂಡವಾಳವಾಯಿತು.

ಪ್ರಾಯಕ್ಕೆ ಬಂದಮೇಲೆ ವೀರಣ್ಣನವರಿಗೆ ಕೀರ್ತಿಯನ್ನು ತಂದುದು ಹಾಸ್ಯಪಾತ್ರ. ರಾಜಪಾರ್ಟು ಮಾಡುವವರಿಗೆ ಇದ್ದ ಗೌರವವು ಹಾಸ್ಯಗಾರರಿಗೆ ಆಗ ಇರಲಿಲ್ಲ. ನಾಟಕದ ನಡುವೆ ಬಂದು ಜನರನ್ನು ನಗಿಸಿ ಮರೆಯಾಗುವುದಷ್ಟೇ ಅವರ ಪಾಲಿನದಾಗಿತ್ತು. ವೀರಣ್ಣನವರು ಆ ಪಾತ್ರವನ್ನು ನಾಟಕದ ಜೀವಾಳವೆಂಬಂತೆ ಮಾಡಿದರು. ಸದಾರಮೆ ನಾಟಕದ ಕಳ್ಳನ ಪಾತ್ರದಲ್ಲಿ ಅವರನ್ನು ನೋಡಲೆಂದೇ ದೂರದೂರದ ಹಳ್ಳಿಗಳಿಂದ ಜನರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ರಾಜಕುಮಾರರ ಕಥೆಯನ್ನು ನೋಡಲು ಬಂದವರು ಕಳ್ಳನನ್ನು ನೆನೆಯುತ್ತ ಮನೆಗೆ ಹಿಂದಿರುಗುತ್ತಿದ್ದರು. ದುಡಿದು ದಣಿದ ಒಕ್ಕಲಿಗನು ಒಂದು ರಾತ್ರಿಯಾದರೂ ಮನಬಿಚ್ಚಿ ನಗುವಂತೆ ಮಾಡುವುದು ಕೀಳಾದ ಕೆಲಸವಲ್ಲವೆಂಬುದನ್ನು ಅವರು ನಟನೆಯಿಂದಲೇ ತೋರಿಸಿಕೊಟ್ಟರು.

1917ರಲ್ಲಿ ಕಂಪೆನಿಯ ಒಡೆತನವು ವೀರಣ್ಣನವರ ಕೈಗೆ ಬಂದಿತು. ಅಂದಿನಿಂದ ಅವರ ಜೀವನವು ಇಬ್ಬಗೆಯಾಯಿತು. ಹಗಲಿನಲ್ಲಿ ಅವರು ಲೆಕ್ಕಪತ್ರ, ಸಾಲಸೋಲ, ಬಾಡಿಗೆ ಜಾಗಗಳ ಚಿಂತೆಯನ್ನು ಹೊತ್ತ ಯಜಮಾನರು; ರಾತ್ರಿ ಜನರನ್ನು ನಗಿಸುವ ನಟರು. ಬೆಳ್ಳಾವೆ ನರಹರಿಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಮೊದಲಾದ ಲೇಖಕರಿಂದ ಅವರು ನಾಟಕಗಳನ್ನು ಬರೆಯಿಸಿದರು. ಕನ್ನಡ ನಾಡಿನಲ್ಲಿ ಮಾತ್ರವಲ್ಲದೆ ತೆಲುಗು ತಮಿಳು ಸೀಮೆಗಳಲ್ಲಿಯೂ ಕಂಪೆನಿಯು ಸಂಚರಿಸಿ ಜನಮನ್ನಣೆಯನ್ನು ಪಡೆಯಿತು. ನಾಟಕರತ್ನ, ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದುಗಳು ಅವರ ಹೆಸರಿನೊಡನೆ ಸೇರಿದವು. 1934ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿದ ಕುರುಕ್ಷೇತ್ರ ನಾಟಕವು ಅವರ ಸಾಹಸಕ್ಕೆ ಶಿಖರಪ್ರಾಯವಾದುದು. ಜೀವಂತವಾದ ಆನೆಕುದುರೆಗಳು ರಂಗದ ಮೇಲೆ ಬಂದುವು. ಪಳಗಿಸಿದ ಪ್ರಾಣಿಗಳೂ ಅವುಗಳ ಮಾವುತರೂ ನಟರೊಡನೆ ಲಯ ತಪ್ಪದೆ ನಡೆಯಬೇಕಾಗಿದ್ದ ಆ ಪ್ರದರ್ಶನವು ನಾಟಕವೆಂಬುದು ಎಷ್ಟು ಕೈಗಳ ಕೂಡಿದ ಕೆಲಸವೆಂಬುದಕ್ಕೆ ನಿದರ್ಶನವಾಯಿತು.

ಆನೆಯನ್ನು ರಂಗಕ್ಕೆ ತಂದುದಕ್ಕಿಂತ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದುದೇ ದೊಡ್ಡ ಸಾಹಸವೆಂದರೆ ಅತಿಶಯೋಕ್ತಿಯಾಗಲಾರದು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುವುದು ಅಂದಿನ ವಾಡಿಕೆ. ಸ್ತ್ರೀಯರು ರಂಗವೇರುವುದೆಂದರೆ ಮಾನ ಹೋದಂತೆಯೇ ಎಂದು ಜನರು ಭಾವಿಸಿದ್ದರು. ವೀರಣ್ಣನವರು ಪರರ ಮನೆಯ ಹೆಣ್ಣುಮಕ್ಕಳಿಗೆ ಹೇಳುವ ಧೈರ್ಯವನ್ನು ತಮ್ಮ ಮನೆಯವರಲ್ಲಿಯೇ ಕಂಡುಕೊಂಡರು. ಅವರ ಕೈಹಿಡಿದ ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ ಈ ಮೂವರೂ ಕಂಪೆನಿಯ ನಟಿಯರಾಗಿದ್ದವರು. ಲೋಕದ ಕೊಂಕುಮಾತನ್ನು ಅವರೂ ಅವರ ಮಕ್ಕಳೂ ಸಹಿಸಬೇಕಾಯಿತು. ಕಂಪೆನಿಯ ಕೀರ್ತಿಯ ಲೆಕ್ಕದಲ್ಲಿ ಈ ತಾಯಂದಿರು ತೆತ್ತ ಬೆಲೆಯು ಸಾಮಾನ್ಯವಾಗಿ ಬರೆಯಲ್ಪಡುವುದಿಲ್ಲ. ಆದರೆ ಆ ಬೆಲೆಯಿಲ್ಲದೆ ಆ ಕೀರ್ತಿಯೂ ಇರುತ್ತಿರಲಿಲ್ಲ. ಶರಣೆಯರಿಗೆ ಅನುಭವಮಂಟಪದಲ್ಲಿ ಆಸನವನ್ನು ಕೊಟ್ಟ ನಾಡಿನಲ್ಲಿ ನಟಿಯರಿಗೆ ರಂಗಮಂಟಪದಲ್ಲಿ ಸ್ಥಾನ ದೊರೆಯಲು ಇಷ್ಟು ಶತಮಾನಗಳು ಬೇಕಾದುದು ಚಿಂತಿಸತಕ್ಕ ವಿಷಯವಾಗಿದೆ.

ಹೀಗಿರಲು ಚಲನಚಿತ್ರವೆಂಬ ಹೊಸ ಕಲೆಯು ನಾಡಿನಲ್ಲಿ ಕಾಲಿರಿಸಿತು. ನಾಟಕದವರಲ್ಲಿ ಅನೇಕರು ಅದನ್ನು ಶತ್ರುವೆಂದು ಬಗೆದರು. ವೀರಣ್ಣನವರಾದರೋ ಅದನ್ನು ಕಲಿಯತಕ್ಕ ವಿದ್ಯೆಯೆಂದು ಎಣಿಸಿ ಬೆಂಗಳೂರಿನಲ್ಲಿ ಮೂಕಿಚಿತ್ರಗಳ ತಯಾರಿಕೆಗೆ ಕೈಹಾಕಿದರು. 1932ರ ಹರಿಮಾಯೆ ಅಂತಹವುಗಳಲ್ಲೊಂದು. ಮೂಕಿಯ ಕಾಲವು ಅಷ್ಟರಲ್ಲಿಯೇ ಮುಗಿದುಹೋದುದರಿಂದ ಆ ಉದ್ಯಮವು ನಿಲ್ಲಲಿಲ್ಲ. ಆದರೂ ಅವರು ಹಿಮ್ಮೆಟ್ಟಲಿಲ್ಲ. 1935ರಲ್ಲಿ ಸದಾರಮೆಯು ವಾಕ್ಚಿತ್ರವಾಯಿತು. 1942ರಲ್ಲಿ ಜೀವನನಾಟಕವು ಬಂದಿತು. ಶಿವಶರಣೆ ಹೇಮರೆಡ್ಡಿ ಮಲ್ಲಮ್ಮನ ಚರಿತ್ರೆಯು ಜಯಮ್ಮನವರ ಅಭಿನಯದಿಂದ ಬೆಳ್ಳಿತೆರೆಯ ಮೇಲೆ ಬೆಳಗಿತು. ವೀರಣ್ಣನವರ ಜೀವನದಲ್ಲಿ ಒಂದು ಕೈಯಿಂದ ಬಂದ ಹಣವು ಇನ್ನೊಂದು ಕೈಯಿಂದ ಹೋಗುತ್ತಿತ್ತು. ಗಳಿಸಿದುದನ್ನು ಕೂಡಿಡುವ ಬುದ್ಧಿಯಿದ್ದಿದ್ದರೆ ಅವರು ಧನಿಕರಾಗಿ ಬಾಳಬಹುದಾಗಿತ್ತು. ಆದರೆ ಗಳಿಕೆಯನ್ನೆಲ್ಲ ಮುಂದಿನ ಆಟಕ್ಕೆ ಸುರಿಯುವುದೇ ಅವರ ಸ್ವಭಾವವಾಗಿತ್ತು. ಇದು ಗುಣವೋ ದೋಷವೋ ಎಂದು ವ್ಯವಹಾರಜ್ಞರು ಚರ್ಚಿಸಬಹುದು. ಕಾಯಕದ ಫಲವನ್ನು ಕೂಡಿಡದೆ ದಾಸೋಹಕ್ಕೆ ಸಲ್ಲಿಸುವ ದಾರಿಯನ್ನು ಬಲ್ಲವರಿಗೆ ಆ ಸ್ವಭಾವದ ಮರ್ಮವು ತಿಳಿಯದಿರಲಾರದು.

ವೀರಣ್ಣನವರ ಕಂಪೆನಿಯು ಅನೇಕರಿಗೆ ಅನ್ನವನ್ನಿಟ್ಟ ಮನೆ ಮಾತ್ರವಲ್ಲ, ವಿದ್ಯೆಯನ್ನಿತ್ತ ಶಾಲೆಯೂ ಆಗಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪೆನಿಯ ಹೆಸರಾಂತ ನಟರು. ಅವರೊಡನೆ ಬಂದ ಮಗನಾದ ಮುತ್ತುರಾಜನು ಸಣ್ಣಪುಟ್ಟ ಪಾತ್ರಗಳಿಂದ ಪ್ರಾರಂಭಿಸಿದನು. 1954ರಲ್ಲಿ ವೀರಣ್ಣನವರ ಸಂಸ್ಥೆಯು ನಿರ್ಮಾಣದಲ್ಲಿ ಪಾಲ್ಗೊಂಡ ಬೇಡರ ಕಣ್ಣಪ್ಪ ಚಿತ್ರದಲ್ಲಿ ಶಿವನಿಗೆ ಕಣ್ಣನ್ನೇ ಅರ್ಪಿಸಿದ ಭಕ್ತನ ಪಾತ್ರವನ್ನು ವಹಿಸಿ ಆತನೇ ರಾಜಕುಮಾರನೆಂಬ ಹೆಸರಿನಿಂದ ಲೋಕವಿಖ್ಯಾತನಾದನು. ಹಾಸ್ಯನಟ ನರಸಿಂಹರಾಜು ಅವರೂ ಇದೇ ಗರಡಿಯಲ್ಲಿ ಪಳಗಿದವರು. ಜಿ. ವಿ. ಅಯ್ಯರ್ ಅವರು ಬಾಲ್ಯದಲ್ಲಿ ಇಲ್ಲಿಗೆ ಬಂದು, ಮುಂದೆ 1983ರಲ್ಲಿ ಆದಿಶಂಕರಾಚಾರ್ಯ ಎಂಬ ಪ್ರಥಮ ಸಂಸ್ಕೃತ ಚಲನಚಿತ್ರವನ್ನು ನಿರ್ದೇಶಿಸಿದರು. ದಕ್ಷಿಣ ಕನ್ನಡದಿಂದ ಮನೆಬಿಟ್ಟು ಬಂದ ಬಿ. ವಿ. ಕಾರಂತರೆಂಬ ಹುಡುಗನಲ್ಲಿ ವಿದ್ಯೆಯ ಹಸಿವನ್ನು ಕಂಡು ವೀರಣ್ಣನವರು ಅವರನ್ನು ಕಾಶಿಗೆ ವ್ಯಾಸಂಗಕ್ಕಾಗಿ ಕಳುಹಿಸಿದರು. ಕಂಪೆನಿಗೆ ಉಪಯೋಗಕ್ಕೆ ಬರುವ ಹುಡುಗನನ್ನು ಕೈಬಿಡುವುದು ಯಜಮಾನನಿಗೆ ನಷ್ಟ. ಆದರೆ ತಂದೆಯಾದವನು ನಷ್ಟವನ್ನು ಎಣಿಸುವುದಿಲ್ಲ. ಆ ಹುಡುಗನೇ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿ ಬೆಳೆಸಿ ಕನ್ನಡ ರಂಗಭೂಮಿಯ ಋಣವನ್ನು ತೀರಿಸಿದರು.

ಚಲನಚಿತ್ರದ ಪ್ರಾಬಲ್ಯದಿಂದ ಕಂಪೆನಿ ನಾಟಕಗಳ ವೈಭವವು ಕ್ರಮೇಣ ಇಳಿಮುಖವಾಯಿತು. ಆ ಇಳಿಗಾಲವನ್ನೂ ವೀರಣ್ಣನವರು ಕಂಡರು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀ ಗೌರವವೂ ಅವರಿಗೆ ಸಂದವು. ಅದೇ 1972ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ರಂಗಭೂಮಿಯ ಸೇವಕರಿಗೆ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ತುಮಕೂರಿನ ಕಲಾಕ್ಷೇತ್ರವು ಅವರ ನಾಮಾಂಕಿತವಾಗಿದೆ. ಮೊಮ್ಮಗಳಾದ ಬಿ. ಜಯಶ್ರೀಯವರು ರಂಗಭೂಮಿಯನ್ನೇ ನಂಬಿ ನಡೆದು, 2010ರಲ್ಲಿ ರಾಜ್ಯಸಭೆಗೆ ನಾಮಕರಣ ಹೊಂದಿ 2013ರಲ್ಲಿ ಪದ್ಮಶ್ರೀಯನ್ನು ಪಡೆದರು. ನಾಟಕದವರೆಂದು ಒಮ್ಮೆ ಅಂಜಿ ದೂರವಿಟ್ಟ ಮನೆತನದ ಹೆಣ್ಣುಮಗಳಿಗೆ ದೇಶದ ಮಹಾಸಭೆಯಲ್ಲಿ ಆಸನವು ದೊರೆಯಿತು.

ವೀರಣ್ಣನವರು ತಮ್ಮ ಆತ್ಮಕಥೆಗೆ ಕಲೆಯೇ ಕಾಯಕ ಎಂದು ಹೆಸರಿಟ್ಟರು. ಅವರ ಬಾಳಿನ ಸಾರವೆಲ್ಲ ಆ ಎರಡು ಪದಗಳಲ್ಲಿ ಅಡಗಿದೆ. ಬಾಲನಟ, ಹಾಸ್ಯಗಾರ, ಯಜಮಾನ, ಚಿತ್ರನಿರ್ಮಾಪಕ, ಗುರು, ಪೋಷಕ ಎಂದು ಲೋಕವು ಅವರನ್ನು ಹಲವು ಹೆಸರುಗಳಿಂದ ಕರೆದರೂ ಅವರು ಮಾಡಿದುದು ಒಂದೇ ಕಾಯಕ. ಪರದೆಯ ಮುಂದೆ ನಿಂತವನಿಗೂ ಪರದೆಯ ಹಗ್ಗವನ್ನು ಹಿಡಿದವನಿಗೂ ಆ ಕಾಯಕದಲ್ಲಿ ಸಮಪಾಲುಂಟು. ಮಠದ ಮಹೋತ್ಸವಗಳಲ್ಲಿ ವೇದಿಕೆಯ ಮೇಲಿರುವವರನ್ನು ಕಂಡು ಆನಂದಪಡುವ ಸದ್ಭಕ್ತರು, ಚಪ್ಪರ ಹಾಕಿದವರನ್ನೂ ದೀಪ ಹೊತ್ತಿಸಿದವರನ್ನೂ ಅನ್ನ ಬೇಯಿಸಿದವರನ್ನೂ ಅದೇ ಆದರದಿಂದ ನೆನೆದರೆ, ಗುಬ್ಬಿಯ ಆ ಹಿರಿಯ ಕಾಯಕಜೀವಿಗೆ ಸಲ್ಲತಕ್ಕ ಗೌರವವು ಸಂದಂತಾಗುವುದು.