ಸೆಕೆಂಡಿಗೆ ಹತ್ತು ಅಲೆ, ಐದು ವರ್ಷ ಅನುಮಾನ

ಕಡಿಮೆ ಬೆಲೆಯ ಇಸಿಜಿ ಅಥವಾ ಇಇಜಿ ಮಾಡ್ಯೂಲ್ ತಂದು, ವೈರ್ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ಅಲೆ ಕಂಡ ಕೂಡಲೇ ಪ್ರಾಜೆಕ್ಟ್ ಮುಗಿಯಿತು ಎಂದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಆ ಅಲೆ ಮಿದುಳಿನದೋ, ಗೋಡೆಯ ಪ್ಲಗ್ಗಿನದೋ ಎಂದು ಕೇಳುವವರು ಕಡಿಮೆ. ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದ ಹಾನ್ಸ್ ಬರ್ಗರ್ ಇದೇ ಪ್ರಶ್ನೆ ಕೇಳಿಕೊಳ್ಳುತ್ತಾ ಐದು ವರ್ಷ ಕಳೆದರು.

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಜರ್ಮನಿಯ ಕೋಬರ್ಗ್ ಬಳಿಯ ನೊಯ್ಸೆಸ್‌ನಲ್ಲಿ. ಖಗೋಳ ವಿಜ್ಞಾನಿಯಾಗುವ ಆಸೆಯಿಂದ ಯೆನಾ ವಿಶ್ವವಿದ್ಯಾಲಯದಲ್ಲಿ ಗಣಿತಕ್ಕೆ ಸೇರಿದರು. ಒಂದೇ ಸೆಮಿಸ್ಟರಿಗೆ ಅದನ್ನು ಬಿಟ್ಟು ಒಂದು ವರ್ಷದ ಸೇನಾ ತರಬೇತಿಗೆ ಹೋದರು. ಅಲ್ಲಿ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಗುವುದರಲ್ಲಿ ಕೂದಲೆಳೆಯಲ್ಲಿ ಪಾರಾದರು. ದೂರದ ಊರಿನಲ್ಲಿದ್ದ ಅಕ್ಕನಿಗೆ ಅದೇ ದಿನ ತಮ್ಮನಿಗೇನೋ ಆಗಿದೆ ಎಂದು ಅನಿಸಿ, ಆಕೆಯ ಒತ್ತಾಯಕ್ಕೆ ತಂದೆ ಟೆಲಿಗ್ರಾಂ ಕಳಿಸಿದರು. ಒಂದು ಮನಸ್ಸಿನ ಭಯ ಇನ್ನೊಂದು ಮನಸ್ಸಿಗೆ ತಲುಪಿತು ಎಂದೇ ಬರ್ಗರ್ ನಂಬಿದರು. ಮನಸ್ಸಿಗೂ ಮಿದುಳಿಗೂ ಏನು ಸಂಬಂಧ ಎಂದು ಹುಡುಕಲು ವೈದ್ಯಕೀಯ ಓದಿದರು.

1897ರಲ್ಲಿ ಯೆನಾದ ಮನೋವೈದ್ಯಕೀಯ ಆಸ್ಪತ್ರೆಗೆ ಸೇರಿದ ಅವರು 1919ರಲ್ಲಿ ಅದರ ಮುಖ್ಯಸ್ಥರಾದರು. ಮೊದಲು ಮಿದುಳಿನ ರಕ್ತಸಂಚಾರ, ಆಮೇಲೆ ಮಿದುಳಿನ ಉಷ್ಣತೆ ಅಳೆದರು. ಎರಡರಿಂದಲೂ ಬಯಸಿದ ಉತ್ತರ ಸಿಗಲಿಲ್ಲ. ಕೊನೆಗೆ ವಿದ್ಯುತ್ತಿನ ಕಡೆ ತಿರುಗಿದರು. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಇದೆ ಎಂದು ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಮನುಷ್ಯನಲ್ಲಿ ಯಾರೂ ಅಳೆದಿರಲಿಲ್ಲ.

ಬರ್ಗರ್ ಇಂಜಿನಿಯರ್ ಅಲ್ಲ. ಕೈಯಲ್ಲಿದ್ದದ್ದು ಹೃದಯದ ಸಂಕೇತ ದಾಖಲಿಸಲು ಬಳಸುತ್ತಿದ್ದ ಸ್ಟ್ರಿಂಗ್ ಗ್ಯಾಲ್ವನೋಮೀಟರ್. ಎದೆಯ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟ್. ನೆತ್ತಿಯ ಮೇಲೆ ಸಿಗುವ ಮಿದುಳಿನ ಸಂಕೇತ ಮೈಕ್ರೋವೋಲ್ಟ್‌ಗಳ ಲೆಕ್ಕದ್ದು, ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. 1924ರ ಜುಲೈನಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ 17 ವರ್ಷದ ಹುಡುಗನೊಬ್ಬನ ಮಿದುಳಿನಿಂದ ಸಣ್ಣ ಅಲುಗಾಟವೊಂದು ಉಪಕರಣದಲ್ಲಿ ಕಂಡಿತು.

ಬೇರೆಯವರಾಗಿದ್ದರೆ ಅಂದೇ ಪ್ರಕಟಿಸುತ್ತಿದ್ದರೇನೋ. ಬರ್ಗರ್‌ಗೆ ಅನುಮಾನ ಶುರುವಾಯಿತು. ಇದು ರಕ್ತನಾಳದ ಮಿಡಿತವೇ? ಹೃದಯದ ವಿದ್ಯುತ್ತೇ? ಚರ್ಮದ್ದೇ? ಸ್ನಾಯು ಬಿಗಿದದ್ದೇ? ಒಂದೊಂದನ್ನೂ ಬೇರ್ಪಡಿಸಿ ನೋಡಿದರು. ಚರ್ಮದಡಿ ಸೂಜಿ ಚುಚ್ಚಿ ಅಳೆದರು, ಸೀಸದ ಹಾಳೆ ಇಟ್ಟು ಅಳೆದರು. ಮಿದುಳಿನ ದಾಖಲೆಯ ಜೊತೆಗೇ ಇಸಿಜಿಯನ್ನೂ ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದರು. ಹೃದಯ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಮಿಡಿದರೆ, ಈ ಅಲೆ ಸೆಕೆಂಡಿಗೆ ಸುಮಾರು ಹತ್ತು ಸಲ ಏಳುತ್ತಿತ್ತು. ಸ್ವಂತ ಮಗ ಕ್ಲಾಸ್‌ನ ತಲೆಯಿಂದಲೂ ಎಷ್ಟೋ ದಾಖಲೆ ತೆಗೆದರು. ಕಣ್ಣು ಮುಚ್ಚಿದರೆ ಅಲೆ ಏಳುತ್ತದೆ, ಕಣ್ಣು ತೆರೆದರೆ ಅಡಗುತ್ತದೆ ಎಂಬುದು ತಿಳಿಯಿತು. ಅದನ್ನೇ ನಾವಿಂದು ಆಲ್ಫಾ ಅಲೆ ಎನ್ನುತ್ತೇವೆ.

1929ರಲ್ಲಿ ಮೊದಲ ಲೇಖನ ಬಂದಾಗ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಮ್ಮದೇ ಉಪಕರಣದಲ್ಲಿ ಅದೇ ಅಲೆ ಕಂಡು ಖಚಿತಪಡಿಸಿದರು. ನೊಬೆಲ್ ಪಡೆದಿದ್ದ ಏಡ್ರಿಯನ್ ಒಪ್ಪಿದ ಮೇಲೆ ಜಗತ್ತೂ ಒಪ್ಪಿತು. ಇಂದು ಮೂರ್ಛೆ ರೋಗದ ಪರೀಕ್ಷೆಗೆ ಇಇಜಿ ಇಲ್ಲದೆ ಆಗುವುದಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಬರ್ಗರ್ ನಾಜಿಗಳನ್ನು ವಿರೋಧಿಸಿದ್ದರು ಎಂದು ಬಹುಕಾಲ ಹೇಳಲಾಗುತ್ತಿತ್ತು. ದಾಖಲೆಗಳು ಬೇರೆಯದನ್ನೇ ಹೇಳಿದವು. ಅವರು ಎಸ್‌ಎಸ್ ಸಂಘಟನೆಯ ಬೆಂಬಲಿಗ ಸದಸ್ಯರಾಗಿದ್ದರು. ಮಾನಸಿಕ ರೋಗಿಗಳಿಗೆ, ಮೂರ್ಛೆ ರೋಗವಿದ್ದವರಿಗೆ ಬಲವಂತದ ಸಂತಾನಹರಣಕ್ಕೆ ತೀರ್ಪು ಕೊಡುವ ನ್ಯಾಯಾಲಯದಲ್ಲಿ ಕೂತಿದ್ದರು. ತಮ್ಮ ಗ್ಯಾಲ್ವನೋಮೀಟರನ್ನು ಐದು ವರ್ಷ ಅನುಮಾನಿಸಿದ ಮನುಷ್ಯ, ಸರ್ಕಾರ ವಿಜ್ಞಾನವೆಂದು ಮುಂದಿಟ್ಟ ಸುಳ್ಳನ್ನು ಹಾಗೆ ಪರೀಕ್ಷಿಸಲಿಲ್ಲ. 1941ರ ಜೂನ್ 1ರಂದು, ಖಿನ್ನತೆಯಿಂದ ಬಳಲುತ್ತಿದ್ದ ಅವರು ಆತ್ಮಹತ್ಯೆ ಮಾಡಿಕೊಂಡರು.

ಅವರನ್ನು ಪೂಜಿಸಬೇಕಿಲ್ಲ. ಆದರೆ ಅವರ ಕೆಲಸದ ಕ್ರಮ ನಮ್ಮ ಮೇಜಿಗೂ ಸಲ್ಲುತ್ತದೆ. ಅಲೆ ಸರಿಯಾಗಿ 50 ಹರ್ಟ್ಸ್ ಇದ್ದರೆ ಅದು ಕರೆಂಟಿನ ಲೈನಿನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಮೈಗೆ ಎಲೆಕ್ಟ್ರೋಡ್ ಅಂಟಿಸಿದಾಗ ಸುರಕ್ಷತೆಗೂ ಅದೇ ಬೇಕು. ಹಲ್ಲು ಕಚ್ಚಿದಾಗ ಗೆರೆ ದಪ್ಪವಾದರೆ ಅದು ಸ್ನಾಯು. ರೆಪ್ಪೆ ಬಡಿದಾಗ ಎದ್ದು ಬಿದ್ದರೆ ಅದು ಕಣ್ಣು. ಗೆರೆ ಮೆಲ್ಲಗೆ ಮೇಲೆ ಕೆಳಗೆ ತೇಲಿದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ಕೂತಿದೆಯೇ ನೋಡಿ. ಎಲ್ಲ ಸರಿಯಿದ್ದರೆ ತಲೆಯ ಹಿಂಭಾಗದಲ್ಲಿ ಎಲೆಕ್ಟ್ರೋಡ್ ಇಟ್ಟು ಕಣ್ಣು ಮುಚ್ಚಿ. ಸೆಕೆಂಡಿಗೆ ಸುಮಾರು ಹತ್ತು ಅಲೆ ಎದ್ದು, ಕಣ್ಣು ತೆರೆದಾಗ ಅಡಗಿದರೆ, ಪ್ರಾಜೆಕ್ಟ್ ವರದಿ ಬರೆಯಲು ಕೂರಬಹುದು.