ಸಂಬಳವಿಲ್ಲದೆ ಬದುಕಿದ ಕಾರಂತರು

ಕಳೆದ ರಜೆಯಲ್ಲಿ ಒಂದು ಅಂಗಡಿಯ ಉದ್ಘಾಟನೆಗೆ ಕರಪತ್ರ ಬರೆದುಕೊಟ್ಟೆ. ಮೂರು ಸಲ ತಿದ್ದಿಸಿದರು. ಕೊನೆಗೆ ಒಂದು ಚಾ ಕುಡಿಸಿ ಕಳುಹಿಸಿದರು. ದುಡ್ಡಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಉಪ್ಪ ಅಡಿಕೆ ಸುಲಿಯುವವರು. ಕಿಲೋಗೆ ಇಷ್ಟು ಎಂದು ಮೊದಲೇ ಮಾತಾಗದಿದ್ದರೆ ಅವರು ಗೋಣಿಯ ಬಾಯಿಯನ್ನೇ ಬಿಚ್ಚುವುದಿಲ್ಲ. ಕರಪತ್ರದ ಸಂಗತಿ ಕೇಳಿ ಅವರು ಬೈಯಲಿಲ್ಲ, ನಕ್ಕರು. ಅದೇ ಹೆಚ್ಚು ಬೇಸರವಾಯಿತು. ದ್ವಿತೀಯ ಪಿಯುಸಿ ಮುಗಿದ ಮೇಲೆ ಬರವಣಿಗೆಯನ್ನೇ ಕೆಲಸ ಮಾಡಿಕೊಳ್ಳಬೇಕೆಂದು ನಾನು ಆಗಲೇ ಮನೆಯಲ್ಲಿ ಹೇಳಿಬಿಟ್ಟಿದ್ದೆ. ತಿಂಗಳ ಕೊನೆಗೆ ಯಾರು ಕೊಡುತ್ತಾರೆ ಎಂಬುದು ಉಪ್ಪನ ಒಂದೇ ಪ್ರಶ್ನೆ.

ಆ ಪ್ರಶ್ನೆ ಇಟ್ಟುಕೊಂಡೇ ನಾನು ಶಿವರಾಮ ಕಾರಂತರ ಬಗ್ಗೆ ಓದತೊಡಗಿದ್ದು. ನಮ್ಮ ಜಿಲ್ಲೆಯ ದೊಡ್ಡ ಬರಹಗಾರರನ್ನು ನೆನೆದರೆ ಹೆಚ್ಚಿನವರಿಗೆ ಒಂದು ನೌಕರಿ ಇತ್ತು. ನಮ್ಮ ಬಂಟ್ವಾಳದಲ್ಲೇ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದವರು. ನಂದಳಿಕೆಯ ಮುದ್ದಣ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದರು. ಜಿಲ್ಲೆಯ ಹೊರಗೂ ಹಾಗೆಯೇ. ಮಾಸ್ತಿ ಸರಕಾರಿ ಅಧಿಕಾರಿ, ಕುವೆಂಪು ಪ್ರಾಧ್ಯಾಪಕ. ಇವರೆಲ್ಲ ಸಂಬಳದ ಕೆಲಸ ಮುಗಿಸಿ ಬರೆದರು. ಕಾರಂತರಿಗೆ ಬರೆಯುವುದೇ ಕೆಲಸ.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಗೆ ಓಗೊಟ್ಟು ಓದು ಬಿಟ್ಟರು. ಡಿಗ್ರಿ ಆಗಲಿಲ್ಲ. ಅಂದರೆ ಸರಕಾರಿ ಕೆಲಸದ ಬಾಗಿಲನ್ನು ಇಪ್ಪತ್ತು ವರ್ಷದ ಹುಡುಗ ತಾನೇ ಮುಚ್ಚಿಕೊಂಡ. ಖಾದಿ ಪ್ರಚಾರ ಮಾಡಿದರು, ನಾಟಕ ಆಡಿಸಿದರು, 'ವಸಂತ' ಎಂಬ ಮಾಸಪತ್ರಿಕೆ ನಡೆಸಿದರು. ಅವರ ಮೊದಲ ಕಾದಂಬರಿಗಳು ಹುಟ್ಟಿದ್ದು ಆ ಪತ್ರಿಕೆಯ ಪುಟಗಳಿಗಾಗಿ. ಅವನ್ನು ಈಗ ಯಾರೂ ಹೆಚ್ಚು ಓದುವುದಿಲ್ಲ. ಆದರೆ ದಿನ ನೋಡಿ, ಪುಟ ನೋಡಿ ಬರೆಯುವ ಅಭ್ಯಾಸ ಅಲ್ಲೇ ಆಯಿತು ಅಂತ ನನಗೆ ಅನಿಸುತ್ತದೆ. 1930ರ ಸುಮಾರಿಗೆ 'ಡೊಮಿಂಗೊ' ಎಂಬ ಮೂಕಿ ಚಿತ್ರವನ್ನೂ ತೆಗೆದರು.

ಬಳಿಕ ಅವರು ನೆಲೆ ನಿಂತದ್ದು ಪುತ್ತೂರಿನಲ್ಲಿ. ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ ಕಲ್ಲಡ್ಕ, ಮಾಣಿ ದಾಟಿದರೆ ಪುತ್ತೂರು. ನಮ್ಮಂತೆ ಬೆಳ್ತಂಗಡಿ ಕಡೆಯವರಾದರೆ ಉಪ್ಪಿನಂಗಡಿಯಾಗಿ ಹೋಗಬೇಕು. ಅಲ್ಲಿನ ಪರ್ಲಡ್ಕದ 'ಬಾಲವನ'ದಲ್ಲಿ ಅವರು ಮಕ್ಕಳಿಗೆ ಕಲಿಸುವ ಹೊಸ ಪ್ರಯೋಗಗಳನ್ನು ಮಾಡಿದರು. 1933ರಲ್ಲಿ 'ಚೋಮನ ದುಡಿ' ಬಂತು. ಸ್ವಂತಕ್ಕೆ ಒಂದು ತುಂಡು ಗದ್ದೆ ಬೇಕೆಂದು ಹಂಬಲಿಸಿ, ಸಿಗದೆಯೇ ಸಾಯುವ ದಲಿತನ ಕಥೆ ಅದು. 1936ರಲ್ಲಿ ಬಂಟ ಸಮುದಾಯದ ಲೀಲಾ ಅವರನ್ನು ಜಾತಿ ಮೀರಿ ಮದುವೆಯಾದರು. ಈಗ ಅವರೊಬ್ಬರ ಹೊಟ್ಟೆಯ ಪ್ರಶ್ನೆ ಮಾತ್ರ ಉಳಿಯಲಿಲ್ಲ, ಮನೆ ನಡೆಯಬೇಕಾಗಿತ್ತು.

ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಈ ಭಾಗ. ಕಾದಂಬರಿ ಕೊಳ್ಳುವವರು ಎಷ್ಟು ಮಂದಿ? ಆ ಕಾಲದಲ್ಲಂತೂ ಓದು ಬರುವವರೇ ಕಡಿಮೆ. ಕಾರಂತರು ಒಂದೇ ಸರಕನ್ನು ನೆಚ್ಚಿ ಕೂರಲಿಲ್ಲ. ಮಕ್ಕಳಿಗೆ ಕನ್ನಡದಲ್ಲಿ ವಿಶ್ವಕೋಶ ಇಲ್ಲವೆಂದು ಕಂಡಿತು, ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ದೊಡ್ಡವರಿಗೆ ವಿಜ್ಞಾನದ ಪುಸ್ತಕ ಇಲ್ಲವೆಂದು ಕಂಡಿತು, ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಒಬ್ಬರೇ ಕೂತು ಬರೆದರು. ವಿಶ್ವವಿದ್ಯಾಲಯಗಳು ಸಮಿತಿ ಮಾಡಿ, ವರ್ಷಗಟ್ಟಲೆ ಸಭೆ ಸೇರಿ ಮಾಡುವ ಕೆಲಸ ಅದು. ಶಾಲಾ ಮಕ್ಕಳಿಗೆ ಪಾಠಪುಸ್ತಕ, ಅರ್ಥಕೋಶ, ಅನುವಾದ, ನಾಟಕ, ಯಕ್ಷಗಾನದ ಸಂಶೋಧನೆ. ಯುರೋಪಿಗೆ ಹೋಗಿ ಬಂದರೆ ಅದೂ ಪುಸ್ತಕವಾಗಬೇಕು, 'ಅಪೂರ್ವ ಪಶ್ಚಿಮ' ಆಯಿತು. ನಲುವತ್ತಕ್ಕೂ ಹೆಚ್ಚು ಕಾದಂಬರಿಗಳು ಇವೆಲ್ಲದರ ನಡುವೆಯೇ ಬಂದವು. ಅವರ ಒಟ್ಟು ಪುಸ್ತಕಗಳ ಲೆಕ್ಕ 400 ದಾಟುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಯಶಸ್ಸಿನ ಕಥೆ ಆಗಿಬಿಡುತ್ತದೆ. ಉಪ್ಪನ ಪ್ರಶ್ನೆಗೆ ಉತ್ತರವೂ ಸುಲಭವಾಗುತ್ತದೆ. ಆದರೆ ಹಾಗಿರಲಿಲ್ಲ. 1930, 40ರ ದಶಕಗಳಲ್ಲಿ ಅವರು ಮುದ್ರಣವನ್ನೂ ತಾವೇ ಕಲಿತು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿದರು. ಮುಖಪುಟ ತಾವೇ ಬಿಡಿಸಿದರು, ಒಳಗಿನ ಚಿತ್ರಗಳನ್ನೂ ಬರೆದರು. ಬೇರೆಯವರಿಗೆ ಹೋಗುವ ಹಣ ಉಳಿದೀತು ಎಂದು ನಮಗೆ ಅನಿಸಬಹುದು. ಆದದ್ದು ಉಲ್ಟಾ, ತಲೆಯ ಮೇಲೆ ದೊಡ್ಡ ಹೊರೆ ಬಿತ್ತು. ಮೂಡುಬಿದಿರೆಯಲ್ಲಿ ನಮ್ಮ ಮಾಮನಿಗೆ ಸಣ್ಣ ಪ್ರೆಸ್ಸು ಇದೆ. ಅವರಲ್ಲಿ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಕಾಗದಕ್ಕೆ ಇವತ್ತೇ ದುಡ್ಡು ಕೊಡಬೇಕು, ಪುಸ್ತಕ ಮಾರಿ ದುಡ್ಡು ಬರುವುದು ಯಾವಾಗಲೋ. ನಡುವಿನ ತಿಂಗಳುಗಳಲ್ಲಿ ಸಾಲ ಬೆಳೆಯುತ್ತದೆ. ಬರೆಯುವವನು ಅಚ್ಚು ಹಾಕುವವನೂ ಆದರೆ ಎರಡು ವ್ಯಾಪಾರದ ನಷ್ಟ ಒಬ್ಬನದ್ದೇ ಎಂದು ಮಾಮ ವಿವರಿಸಿದರು. ಇಷ್ಟಾದರೂ ಕಾರಂತರು ಸಂಬಳದ ಕೆಲಸ ಹುಡುಕಿ ಹೋಗಲಿಲ್ಲ. ಇದನ್ನು ಧೈರ್ಯ ಅನ್ನಬೇಕೋ ಹಟ ಅನ್ನಬೇಕೋ, ನನಗೆ ಇನ್ನೂ ತೀರ್ಮಾನವಾಗಿಲ್ಲ. ಆ ಮನೆಯಲ್ಲಿ ಲೀಲಾ ಅವರ ಪಾಲಿನ ಕಷ್ಟ ಎಷ್ಟಿತ್ತೋ ಎಂಬ ಯೋಚನೆಯೂ ಬಂತು.

ಪ್ರಶಸ್ತಿಗಳು ತಡವಾಗಿ ಬಂದವು. 1968ರಲ್ಲಿ ಬಂದ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಸಿಕ್ಕಿತು, ಆಗ ಅವರಿಗೆ 75 ವರ್ಷ. ಅದಕ್ಕೆ ಮೊದಲೇ ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಕ್ಕೆ ಕೊಟ್ಟಿದ್ದರು. ಯಾರ ನೌಕರನೂ ಅಲ್ಲದ ಕಾರಣ ಅವರಿಗೆ ಅದು ಸಾಧ್ಯವಾಯಿತು ಎಂದು ನಾನು ತಿಳಿಯುತ್ತೇನೆ. ವರ್ಗಾವಣೆ ಮಾಡುವುದಾದರೂ ಎಲ್ಲಿಗೆ?

ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದರು. 1997ರ ಡಿಸೆಂಬರ್ 9ರಂದು, 95 ತುಂಬಿದ ಮೇಲೆ ತೀರಿಕೊಂಡರು. ನಮ್ಮ ತರಗತಿಯ ಯಾರೂ ಆಗ ಹುಟ್ಟಿರಲಿಲ್ಲ. ಈಗಲೂ ಮೂಡುಬಿದಿರೆಯಲ್ಲಿ ಅವರ ಹೆಸರಿನ ಪ್ರತಿಷ್ಠಾನವೊಂದು ಬರಹಗಾರರಿಗೆ ಪುರಸ್ಕಾರ ಕೊಡುತ್ತಿದೆ.

ಆದರೆ ಅವರ ವ್ಯವಹಾರದ ಕಥೆ ಅವರ ಜೊತೆ ಮುಗಿಯಲಿಲ್ಲ. 1994ರಲ್ಲಿ ಅವರು ಉಯಿಲು ಬರೆದಿಟ್ಟಿದ್ದರು. ಬಹಳ ವರ್ಷ ಅವರ ಬರವಣಿಗೆಗೆ ನೆರವಾಗಿದ್ದ ಬಿ. ಮಾಲಿನಿ ಮಲ್ಯ ಅವರಿಗೆ ಕೃತಿಗಳ ಹಕ್ಕು ಹೋಯಿತು. ಮುಂದೆ ಕಾರಂತರು ರೂಪಿಸಿದ್ದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಸಂಸ್ಥೆಯೊಂದರ ತಂಡ ಪ್ರದರ್ಶಿಸಿದಾಗ ಹಕ್ಕು ಯಾರದ್ದು ಎಂಬ ದಾವೆ ಎದ್ದಿತು. ಉಡುಪಿಯಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಜನವರಿಯಲ್ಲಿ ತೀರ್ಪು ಬಂತು: ಉಯಿಲಿನಂತೆ ಹಕ್ಕು ಮಲ್ಯ ಅವರದ್ದೇ, ಆದರೆ ಕಾನೂನು ವಿನಾಯಿತಿ ಕೊಡುವ ಸಂದರ್ಭಗಳಲ್ಲಿ ಪ್ರದರ್ಶನಕ್ಕೆ ಅಡ್ಡಿಯಿಲ್ಲ.

ಇದನ್ನು ಓದುವವರೆಗೆ ಬರೆದದ್ದು ಆಸ್ತಿ ಎಂಬುದು ನನಗೆ ಹೊಳೆದಿರಲಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಬರಹಗಾರ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಕಾರಂತರ ಲೆಕ್ಕದಲ್ಲಿ 2057ರ ಕೊನೆಯವರೆಗೆ. ಆಗ ನನಗೆ ಐವತ್ತರ ಹತ್ತಿರ ಆಗಿರುತ್ತದೆ. ಚೋಮನಿಗೆ ಸಿಗದ ಗದ್ದೆ ಹೋಗಲಿ, ಅವನ ಕಥೆ ಬರೆದವರಿಗೆ ಯಾವ ಸರ್ವೆ ನಂಬ್ರವೂ ಇಲ್ಲದ ಇಂಥದ್ದೊಂದು ಗದ್ದೆ ಇತ್ತು.

ಒಂದು ಸಂಜೆ ಅಡಿಕೆ ರಾಶಿಯ ಬದಿಯಲ್ಲಿ ಕೂತು ಉಪ್ಪನಿಗೆ ಇದನ್ನೆಲ್ಲ ಹೇಳಿದೆ. ಸಾಲದ ಭಾಗವನ್ನು ಅವರು ಎರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ, ಆ ಕರಪತ್ರದ ಅಂಗಡಿಯವರು ವಾರ್ಷಿಕೋತ್ಸವಕ್ಕೆ ಇನ್ನೊಂದು ಬರೆಸುತ್ತಾರಂತೆ, ಈ ಸಲ ಎಷ್ಟು ಹೇಳುತ್ತಿ ಎಂದು ಕೇಳಿದರು. ನಾನಿನ್ನೂ ಲೆಕ್ಕ ಹಾಕುತ್ತಿದ್ದೇನೆ.