ಊರು ನಂಬಿದ ಫಾದರ್ ಮುಲ್ಲರ್

ಕಾಯಿಲೆ ಬಿದ್ದಾಗ ಬೋಳಾರದ ನಾವು ಇಂದಿಗೂ ಕಂಕನಾಡಿಯತ್ತ ಹೊರಡುತ್ತೇವೆ. ಅಲ್ಲಿ ಸೇವೆಗೆ ನಾಂದಿ ಹಾಡಿದವರು ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ 1841ರಲ್ಲಿ ಜನಿಸಿದ ಯೇಸುಸಭೆಯ ವಂದನೀಯ ಅಗಸ್ಟಸ್ ಮುಲ್ಲರ್. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಅವರು 1880ರಲ್ಲಿ ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ತೆರೆದರು.

ಆಗ ಪ್ಲೇಗಿಗಿಂತಲೂ ಪ್ಲೇಗಿನ ಅಧಿಕಾರಿಗಳಿಗೆ ಜನ ಹೆದರುತ್ತಿದ್ದ ಕಾಲ. 1897ರಲ್ಲಿ ಪುಣೆಯಲ್ಲಿ ಸಿಪಾಯಿಗಳು ಮನೆಮನೆ ಹೊಕ್ಕು ಶೋಧಿಸಿದ್ದಕ್ಕೆ ಕೆರಳಿದವರು ಪ್ಲೇಗ್ ಅಧಿಕಾರಿ ರ್‍ಯಾಂಡ್‌ನನ್ನೇ ಕೊಂದರು. ರೋಗಿಯನ್ನು ಬೇರೆಯಾಗಿ ಇರಿಸಬೇಕೆಂಬ ಸಲಹೆಯಲ್ಲಿ ತಪ್ಪಿರಲಿಲ್ಲ. ಹೇಳಿದ ರೀತಿ ಮನುಷ್ಯನನ್ನು ಮರೆತಿತ್ತು. ಮುಲ್ಲರರಾದರೋ ಆ ಹೊತ್ತಿಗೆ ಇಪ್ಪತ್ತೆರಡು ವರ್ಷ ಇದೇ ಊರಿನ ಬಡವರ ನೋವು ಕೇಳಿದ್ದವರು. ಅವರಿಗೆ ಪದವಿಯ ಅಧಿಕಾರವಿರಲಿಲ್ಲ, ಒಡನಾಟದ್ದಿತ್ತು.

ಆದರೆ ನಂಬಿಕೆಯೇ ಔಷಧಿಗೆ ಪ್ರಮಾಣವಲ್ಲ ಎಂಬುದನ್ನೂ ಒಪ್ಪಬೇಕು. ಅವರ ಗುಳಿಗೆಗಳು ಪ್ಲೇಗನ್ನು ವಾಸಿಮಾಡುತ್ತಿದ್ದವು ಎಂದು ನಾವು ಹೇಳಲಾರೆವು; ಆರೈಕೆ, ಆಶ್ರಯಗಳ ಬೆಲೆ ಬೇರೆ. ಬಲಿಪೂಜೆಯ ಬಳಿಕ ಲಸಿಕೆಯ ಪ್ರಕಟಣೆ ಓದುವಾಗ ನಮಗೆ ಇದು ನೆನಪಾಗುತ್ತದೆ: ತಲೆದೂಗುವವರು ವೈದ್ಯರನ್ನು ನಂಬಿದರೋ, ನಮ್ಮ ನಿಲುವಂಗಿಯನ್ನೋ? ಆದ್ದರಿಂದ ಓದುವ ಮುನ್ನ ನಾವು ವೈದ್ಯರನ್ನು ಕೇಳುತ್ತೇವೆ.

ಫಾದರ್ ಮುಲ್ಲರ್ 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ದೈವಾಧೀನರಾದರು.